ಫಾರೆಕ್ಸ್ ಕಾರ್ಡಿನ ಪಿನ್ ಬದಲಿಸಿದ ಮೇಲೆ ಜರ್ಮನಿಯಲ್ಲಿ ‘ತಪ್ಪು ಪಿನ್’ ಎಂದು ಬರುತ್ತಿದೆ

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ತಂದೆ)

ಮಾನ್ಯರೇ, ನನ್ನ ಮಗಳು ಸ್ನಾತಕೋತ್ತರ ಓದಿಗಾಗಿ ಮೂರು ವಾರಗಳ ಹಿಂದೆ ಜರ್ಮನಿಯ ಆಖೆನ್ ನಗರಕ್ಕೆ ಹೋಗಿದ್ದಾಳೆ. ಹೊರಡುವ ಮುನ್ನ ಯೂರೊ ತುಂಬಿಸಿದ ಫಾರೆಕ್ಸ್ ಕಾರ್ಡನ್ನು ಬ್ಯಾಂಕಿನಿಂದ ಪಡೆದಿದ್ದೆವು. ಲಕೋಟೆಯಲ್ಲಿ ಬಂದಿದ್ದ ಪಿನ್ ನೆನಪಿನಲ್ಲಿ ಉಳಿಯುವಂತಿಲ್ಲವೆಂದು ನಾನೇ ಬ್ಯಾಂಕಿನ ಜಾಲತಾಣಕ್ಕೆ ಲಾಗಿನ್ ಆಗಿ ಬದಲಿಸಿದೆ. ಬದಲಾಗಿದೆ ಎಂಬ ಎಸ್ಸೆಮ್ಮೆಸ್ಸೂ ಬಂದಿತ್ತು. ಸಣ್ಣಪುಟ್ಟ ಖರೀದಿಗೆ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಹಣ ಪಾವತಿಯಾಗುತ್ತಿದೆ. ಆದರೆ ನಿನ್ನೆ 62 ಯೂರೊ ಬೆಲೆಯ ರಜಾಯಿ ಕೊಳ್ಳಲು ಹೋದಾಗ ಯಂತ್ರ ಪಿನ್ ಕೇಳಿತಂತೆ, ಹೊಸ ಪಿನ್ ಒತ್ತಿದರೆ ಎರಡು ಸಲವೂ ತಪ್ಪೆಂದು ತೋರಿಸಿತಂತೆ. ಅಲ್ಲಿನ ಎಟಿಎಂನಲ್ಲಿಯೇ ಪಿನ್ ಬದಲಿಸಲು ಸಾಧ್ಯವೇ?

ಉತ್ತರ 1 (ನಿವೃತ್ತ ಬ್ಯಾಂಕ್ ನೌಕರ, ಮೈಸೂರು)

ಮೊದಲು ಮಗಳಿಗೆ ಫೋನ್ ಮಾಡಿ, ಮೂರನೆಯ ಸಲ ಅದೇ ಪಿನ್ ಒತ್ತಬಾರದೆಂದು ಹೇಳಿ. ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಪಿನ್ ಲಾಕ್ ಆಗುತ್ತದೆ. ಆಮೇಲೆ ಕಸ್ಟಮರ್ ಕೇರ್‌ಗೆ ಅಲೆಯಬೇಕಾದೀತು. ಭಾರತದ ಕಾರ್ಡಿಗೆ ವಿದೇಶದ ಎಟಿಎಂ ಹಣ ಕೊಡುತ್ತದೆಯೇ ಹೊರತು ಪಿನ್ ಬದಲಿಸುವ ಆಯ್ಕೆಯನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಇನ್ನು ತಾಗಿಸಿದರೆ ಹಣ ಹೋಗುತ್ತಿರುವುದರಲ್ಲಿ ಆಶ್ಚರ್ಯವಿಲ್ಲ: ಜರ್ಮನಿಯಲ್ಲಿ 50 ಯೂರೊವರೆಗಿನ ಪಾವತಿಗೆ ಹೆಚ್ಚಾಗಿ ಪಿನ್ ಕೇಳುವುದೇ ಇಲ್ಲ. ಹಾಗಾಗಿ ಕಾರ್ಡು ಸರಿಯಿದೆ, ಪಿನ್ ಮಾತ್ರ ಹೊಂದುತ್ತಿಲ್ಲ ಎಂದಾಯಿತು.

ನನಗೆ ಒಂದು ಅನುಮಾನವಿದೆ. ಅನೇಕ ಬ್ಯಾಂಕುಗಳು ಒಂದೇ ಕಿಟ್‌ನಲ್ಲಿ ಎರಡು ಕಾರ್ಡು ಕೊಡುತ್ತವೆ. ನೋಡಲು ಎರಡೂ ಒಂದೇ ರೀತಿ, ತುಂಬಿಸಿದ ಹಣವೂ ಒಂದೇ. ಆದರೆ ಕಾರ್ಡ್ ಸಂಖ್ಯೆ ಬೇರೆ, ಪಿನ್ ಬೇರೆ. ಕೌಂಟರಿನಲ್ಲಿ ಕೂತಿದ್ದ ವರ್ಷಗಳಲ್ಲಿ ಒಂದರ ಪಿನ್ ಬದಲಿಸಿ ಇನ್ನೊಂದನ್ನು ಜೇಬಿಗಿಳಿಸಿಕೊಂಡು ವಿಮಾನ ಹತ್ತಿದವರನ್ನು ಸಾಕಷ್ಟು ಕಂಡಿದ್ದೇನೆ. ತಾವು ಪಿನ್ ಬದಲಿಸಿದ ಕಾರ್ಡಿನ ಕೊನೆಯ ನಾಲ್ಕು ಅಂಕಿ ಎಸ್ಸೆಮ್ಮೆಸ್‌ನಲ್ಲಿಯೇ ಇರುತ್ತದೆ, ಮಗಳ ಕೈಯಲ್ಲಿರುವ ಕಾರ್ಡಿನೊಂದಿಗೆ ಹೋಲಿಸಿ ನೋಡಿ.

ಉತ್ತರ 2 (ಲಂಡನ್ ವಾಸಿ)

ಮೇಲಿನವರ ಊಹೆ ಸರಿಯಿರಬಹುದು, ಆದರೆ ಇನ್ನೊಂದು ಸಾಧ್ಯತೆಯೂ ಇದೆ. ಕೆಲವು ಕಾರ್ಡುಗಳಲ್ಲಿ ಪಿನ್ ಬ್ಯಾಂಕಿನ ಸರ್ವರಿನಲ್ಲಷ್ಟೇ ಅಲ್ಲದೆ ಕಾರ್ಡಿನ ಚಿಪ್ಪಿನಲ್ಲಿಯೂ ಇರುತ್ತದೆ. ಇಲ್ಲಿ ಬ್ರಿಟನ್ನಿನ ಕಾರ್ಡುಗಳು ಬಹುಮಟ್ಟಿಗೆ ಹಾಗೆಯೇ. ಜಾಲತಾಣದಲ್ಲಿ ಬದಲಿಸಿದಾಗ ಸರ್ವರಿನಲ್ಲಿರುವುದು ಬದಲಾಗುತ್ತದೆ, ಚಿಪ್ಪಿನಲ್ಲಿ ಹಳೆಯದೇ ಉಳಿದಿರುತ್ತದೆ. ಅಂಥ ಕಾರ್ಡಾಗಿದ್ದರೆ ಅಂಗಡಿಯ ಯಂತ್ರ ಹಳೆಯ ಪಿನ್ನನ್ನೇ ಒಪ್ಪುತ್ತದೆ, ಎಟಿಎಂ ಹೊಸದನ್ನು ಕೇಳುತ್ತದೆ. ಭಾರತದ ಕಾರ್ಡುಗಳಲ್ಲಿ ಇದು ಅಪರೂಪವಾದ್ದರಿಂದ ಮೊದಲು ಕಾರ್ಡ್ ಸಂಖ್ಯೆಯನ್ನೇ ನೋಡಿ.

ಪ್ರಶ್ನೆ ಕೇಳಿದವರು

ಮೈಸೂರಿನ ಹಿರಿಯರು ಹೇಳಿದಂತೆಯೇ ಆಗಿದೆ. ಎಸ್ಸೆಮ್ಮೆಸ್‌ನಲ್ಲಿರುವ ಅಂಕಿಗಳ ಕಾರ್ಡು ನಮ್ಮ ಮನೆಯ ಬೀರುವಿನಲ್ಲಿ, ಕಿಟ್‌ನ ರಟ್ಟಿಗೆ ಅಂಟಿಕೊಂಡೇ ಕೂತಿದೆ. ಮಗಳು ಒಯ್ದಿರುವ ಕಾರ್ಡಿನ ಪಿನ್ ಲಕೋಟೆಯನ್ನು ನಾವು ಒಡೆದೇ ಇರಲಿಲ್ಲ. ಈಗ ಅದನ್ನು ಒಡೆದು ವಾಟ್ಸ್ಯಾಪಿನಲ್ಲಿ ಫೋಟೊ ಕಳಿಸಬಹುದೇ?

ಉತ್ತರ 3 (ಮ್ಯೂನಿಕ್‌ನಲ್ಲಿರುವ ಕನ್ನಡತಿ)

ದಯವಿಟ್ಟು ಕಳಿಸಬೇಡಿ. ಮಗಳೇ ಜಾಲತಾಣಕ್ಕೆ ಲಾಗಿನ್ ಆಗಿ, ಪಟ್ಟಿಯಲ್ಲಿ ತನ್ನ ಕೈಯಲ್ಲಿರುವ ಕಾರ್ಡಿನ ಸಂಖ್ಯೆಯನ್ನೇ ಆರಿಸಿಕೊಂಡು ಹೊಸ ಪಿನ್ ಇಟ್ಟುಕೊಳ್ಳಲಿ. ಓಟಿಪಿ ನೋಂದಾಯಿತ ಮೊಬೈಲಿಗೆ ಬರುತ್ತದೆ. ಅದು ನಿಮ್ಮ ನಂಬರಾದರೆ ಇಬ್ಬರೂ ಫೋನಿನಲ್ಲಿರುವಾಗಲೇ ಮಾಡಿ ಮುಗಿಸಿ, ಏಕೆಂದರೆ ಓಟಿಪಿಯ ಆಯುಷ್ಯ ಕೆಲವೇ ನಿಮಿಷ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ನಿಮ್ಮ ರಾತ್ರಿ ಎಂಟು ಗಂಟೆ ಅವಳಿಗೆ ಮಧ್ಯಾಹ್ನ ಮೂರೂವರೆ. ಅವಳದೇ ಭಾರತದ ನಂಬರಾದರೆ ಆ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಬೇಕು. ರೀಚಾರ್ಜ್ ನಿಲ್ಲಿಸಿಬಿಟ್ಟರೆ ತೊಂದರೆ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಹಾಗೆಯೇ ಮಾಡಿದೆವು. ಓಟಿಪಿ ನನ್ನ ಫೋನಿಗೆ ಬಂತು, ನಾನು ಒಂದೊಂದೇ ಅಂಕಿ ಓದಿ ಹೇಳಿದೆ; ಪಿನ್ ಮಾತ್ರ ಅವಳು ನನಗೂ ಹೇಳಲಿಲ್ಲ. ಇಂದು ಎಟಿಎಂನಲ್ಲಿ 40 ಯೂರೊ ತೆಗೆದಿದ್ದಾಳೆ. ಎಲ್ಲರಿಗೂ ವಂದನೆಗಳು.

ಉತ್ತರ 1 (ನಿವೃತ್ತ ಬ್ಯಾಂಕ್ ನೌಕರ, ಮೈಸೂರು)

ಸಂತೋಷ. ಬೀರುವಿನಲ್ಲಿರುವ ಕಾರ್ಡನ್ನು ಕೊರಿಯರ್ ಮಾಡಬೇಡಿ. ಪರಿಚಿತರು ಯಾರಾದರೂ ಆ ಕಡೆ ಹೊರಟಾಗ ಕೊಟ್ಟು ಕಳಿಸಿ. ಮೊದಲನೆಯ ಕಾರ್ಡು ಕಳೆದುಹೋದರೆ ಕೈಗೆ ಸಿಗಲೆಂದೇ ಕೊಡುವ ಎರಡನೆಯ ಕಾರ್ಡದು. ಪರ್ಸಿನಲ್ಲಿಡದೆ, ಕೋಣೆಯಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಲು ಮಗಳಿಗೆ ತಿಳಿಸಿ.