ಗೋದಾಮಿನಲ್ಲಿ ಟ್ರಾಲಿ ಟ್ರ್ಯಾಕಿಂಗ್: ಬ್ಲೂಟೂತ್ ಸಿಗ್ನಲ್‌ನಿಂದ ದೂರ ಸರಿ ಬರ್ತಿಲ್ಲ

ರ‍್ಯಾಕ್‌ಸಾಲು

30 ಮೀ × 18 ಮೀ ಗೋದಾಮು, 4 ಮೀ ಎತ್ತರದ ಸ್ಟೀಲ್ ರ‍್ಯಾಕ್‌ಗಳು, ನಡುವೆ ಉದ್ದಕ್ಕೆ 5 ಓಣಿ. 6 ಟ್ರಾಲಿಗಳಿಗೆ ಬ್ಲೂಟೂತ್ ಬೀಕನ್ ಹಾಕಿದೆ, ಪ್ರತಿ 100 ಮಿಲಿಸೆಕೆಂಡಿಗೆ ಒಂದು ಸಿಗ್ನಲ್. ನಾಲ್ಕು ಮೂಲೆಗೆ 5 ಮೀ ಎತ್ತರದಲ್ಲಿ ಸಿಗ್ನಲ್ ಹಿಡಿಯಲು ಇಎಸ್‌ಪಿ32 (ವೈಫೈ, ಬ್ಲೂಟೂತ್ ಇರುವ ಚಿಕ್ಕ ಬೋರ್ಡ್) ಇದೆ.

ದೂರ = 10^((ಎ − ಆರ್‌ಎಸ್‌ಎಸ್‌ಐ) ÷ (10 × ಎನ್)), ಇದರಲ್ಲಿ ಆರ್‌ಎಸ್‌ಎಸ್‌ಐ ಅಂದರೆ ಬಂದ ಸಿಗ್ನಲ್‌ನ ಬಲ. 1 ಮೀಟರಿನಲ್ಲಿ ಬರುವ ಬಲ ಎ = −59, ದೂರ ಹೋದಂತೆ ಬಲ ಎಷ್ಟು ಬೇಗ ಇಳಿಯುತ್ತದೆ ಅನ್ನುವ ಎನ್ = 2 ಇಟ್ಟಿದ್ದೇನೆ. ನಿಂತಲ್ಲೇ ನಿಂತಿರುವ ಟ್ರಾಲಿ ನಕ್ಷೆಯಲ್ಲಿ 6–8 ಮೀಟರ್ ಅತ್ತಿತ್ತ ಹಾರುತ್ತದೆ. ಕಾಲ್ಮನ್ ಫಿಲ್ಟರ್ (ರೀಡಿಂಗ್‌ಗಳ ಏರಿಳಿತ ನಯಗೊಳಿಸುವ ಲೆಕ್ಕ) ಹಾಕಿದ ಮೇಲೆ ಹಾರಾಟ ಕಡಿಮೆಯಾಯ್ತು, ಆದರೆ ತೋರಿಸುವ ಜಾಗವೇ ತಪ್ಪು. ಇನ್ನಷ್ಟು ಇಎಸ್‌ಪಿ32 ಸೇರಿಸಬೇಕಾ, ಅಥವಾ ಯುಡಬ್ಲ್ಯೂಬಿಗೆ (ಸಿಗ್ನಲ್ ಸಾಗುವ ಸಮಯದಿಂದ ದೂರ ಅಳೆಯುವ ರೇಡಿಯೋ) ಹೋಗಬೇಕಾ?

ರೇಡಿಯೋಮೇಷ್ಟ್ರು

ಫಿಲ್ಟರ್‌ಗೆ ಕೈ ಹಾಕಬೇಡಿ, ತೊಂದರೆ ಅಲ್ಲಿಲ್ಲ. ಕಾಲ್ಮನ್ ಸರಿಪಡಿಸುವುದು ಅತ್ತಿತ್ತ ಸಮನಾಗಿ ಓಲಾಡುವ ಗದ್ದಲವನ್ನು. ರ‍್ಯಾಕ್ ಅಡ್ಡ ಬಂದು ಸಿಗ್ನಲ್ ಸದಾ 8 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಕಡಿಮೆ ಬರುತ್ತಿದ್ದರೆ ಅದು ಓಲಾಟವಲ್ಲ, ಒಂದೇ ಕಡೆಗೆ ವಾಲಿದ ತಪ್ಪು. ಫಿಲ್ಟರ್ ಅದನ್ನೇ ನಿಜ ಅಂತ ನಂಬುತ್ತದೆ.

ಮೂಲ ಸಮಸ್ಯೆ ಲಾಗರಿದಮ್‌ನದು. ಎನ್ = 2 ಇದ್ದಾಗ 1 ಮೀಟರಿಂದ 2 ಮೀಟರಿಗೆ ಹೋದರೆ 6 ಡಿಬಿ ಇಳಿಯುತ್ತದೆ. 16ರಿಂದ 20 ಮೀಟರಿಗೆ ಹೋದರೆ ಬರೀ 2 ಡಿಬಿ. ನಿಮ್ಮ ಗೋದಾಮಿನ ಮಧ್ಯದಿಂದ ಪ್ರತಿ ಮೂಲೆ ಸುಮಾರು 17.5 ಮೀ ದೂರ. ಟ್ರಾಲಿ ಮುಂದೆ ಒಬ್ಬರು ನಡೆದುಹೋದರೂ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅಂದರೆ ಆರ್‌ಎಸ್‌ಎಸ್‌ಐ 'ಹತ್ತಿರ ಇದೆ' ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ, 'ಎಷ್ಟು ದೂರ' ಅನ್ನುವುದನ್ನು ಹೇಳುವುದಿಲ್ಲ. ಮೂಲೆಗಳಿಂದ ಅಳೆಯುವ ವಿನ್ಯಾಸವನ್ನೇ ಕೈಬಿಡಿ ಅನ್ನುವುದು ನನ್ನ ಸಲಹೆ.

ಆದರೂ ಸೂತ್ರ ಇಟ್ಟುಕೊಳ್ಳುವುದಾದರೆ ಎ ಮತ್ತು ಎನ್ ಎರಡನ್ನೂ ಅಲ್ಲೇ ಅಳೆಯಿರಿ. ಓಣಿಯಲ್ಲಿ 1, 2, 4, 8, 12 ಮೀಟರಿಗೆ ಟ್ರಾಲಿ ನಿಲ್ಲಿಸಿ, ಪ್ರತಿ ಜಾಗದಲ್ಲಿ 200 ರೀಡಿಂಗ್ ತೆಗೆದು ನಡುವಣ ಬೆಲೆ, ಅಂದರೆ ಮೀಡಿಯನ್, ಹಿಡಿಯಿರಿ (ಸರಾಸರಿ ಬೇಡ, ಒಂದೆರಡು ಕೆಟ್ಟ ರೀಡಿಂಗ್ ಅದನ್ನು ಎಳೆದುಬಿಡುತ್ತವೆ). ಅಡ್ಡಗೆರೆಯಲ್ಲಿ ದೂರದ ಲಾಗ್ (ಬೇಸ್ 10), ನೇರಗೆರೆಯಲ್ಲಿ ಡಿಬಿಎಂನಲ್ಲಿ ಸಿಗ್ನಲ್ ಬಲ ಇಟ್ಟು ಗೆರೆ ಎಳೆದರೆ ಅದರ ಇಳಿಜಾರನ್ನು −10ರಿಂದ ಭಾಗಿಸಿದ್ದೇ ಎನ್. ಹಾಗೆ ಮಾಡಿದ ಮೇಲೂ ಎನ್ = 3 ಇರುವ ಕಡೆ 6 ಡಿಬಿ ತಪ್ಪಾದರೆ 10 ಮೀಟರ್ ಅನ್ನುವುದು 16 ಆಗಿ ಕಾಣುತ್ತದೆ.

ಇನ್ನೊಂದು, ಬೀಕನ್ ಎತ್ತರ 1 ಮೀ ಅಂದುಕೊಳ್ಳೋಣ, ರಿಸೀವರ್ 5 ಮೀ. ಟ್ರಾಲಿ ನೇರ ಕೆಳಗಿದ್ದರೂ ದೂರ 4 ಮೀಟರೇ. ಪೈಥಾಗೊರಸ್ ಹಾಕಿ ಎತ್ತರ ಕಳೆಯದೆ ನಕ್ಷೆಗೆ ಹಾಕುತ್ತಿದ್ದರೆ ಅದೂ ತಪ್ಪಿಗೆ ಸೇರುತ್ತದೆ. 5 ಮೀ ಬಂದರೆ ನೆಲದ ಮೇಲಿನ ದೂರ 3 ಮೀ.

ನೋಡ್_ನಂ7

ಬೀಕನ್ ಟ್ರಾಲಿಯ ಕಬ್ಬಿಣಕ್ಕೆ ಅಂಟಿಕೊಂಡಿದೆಯಾ ನೋಡಿ. ಅಂಟಿದ್ದರೆ ಆಂಟೆನಾದ ಟ್ಯೂನಿಂಗೇ ಕೆಡುತ್ತದೆ. 2.4 ಗಿಗಾಹರ್ಟ್ಸ್‌ಗೆ ತರಂಗದ ಉದ್ದ ಸುಮಾರು 12 ಸೆಂ.ಮೀ. ಅದರ ಕಾಲು ಭಾಗ, 3 ಸೆಂ.ಮೀ ದಪ್ಪದ ಪ್ಲಾಸ್ಟಿಕ್ ತುಂಡು ನಡುವೆ ಇಡಿ.

ಇಎಸ್‌ಪಿ32ರಲ್ಲಿ ವೈಫೈ ಮತ್ತು ಬ್ಲೂಟೂತ್‌ಗೆ ಇರುವುದು ಒಂದೇ ರೇಡಿಯೋ. ಪ್ರತಿ ಪ್ಯಾಕೆಟ್ ಬಂದ ಕೂಡಲೇ ಸರ್ವರ್‌ಗೆ ಕಳಿಸುತ್ತಿದ್ದರೆ ಆ ಹೊತ್ತಿನಲ್ಲಿ ಬಂದ ಬೀಕನ್‌ಗಳು ತಪ್ಪಿಹೋಗುತ್ತವೆ. ಒಟ್ಟುಮಾಡಿ 5 ಸೆಕೆಂಡಿಗೊಮ್ಮೆ ಕಳಿಸಿ, ಇಲ್ಲವೇ ಈಥರ್ನೆಟ್ ಇರುವ ಬೋರ್ಡ್ ಬಳಸಿ. ಸ್ಕ್ಯಾನ್ ಪ್ಯಾಸಿವ್ (ಏನೂ ಕೇಳದೆ ಬರೀ ಆಲಿಸುವ ಬಗೆ) ಇರಲಿ. ಡುಪ್ಲಿಕೇಟ್ ವರದಿ ಆನ್ ಮಾಡಿ, ಅದಿಲ್ಲದೆ ಒಂದು ಸ್ಕ್ಯಾನ್‌ಗೆ ಒಂದು ಬೀಕನ್‌ನಿಂದ ಒಂದೇ ರೀಡಿಂಗ್ ಸಿಗುತ್ತದೆ. ಬೀಕನ್ 37, 38, 39 ಮೂರು ಚಾನೆಲ್‌ನಲ್ಲಿ ಬಿಡುವುದರಿಂದ, ನಿಂತ ಟ್ರಾಲಿಯ ಬೆಲೆಯೂ ಚಾನೆಲ್‌ಗೊಂದು ಥರ ಬರುವುದು ಸಹಜ.

ರ‍್ಯಾಕ್‌ಸಾಲು

ಧನ್ಯವಾದ ಸರ್, ಇಬ್ಬರಿಗೂ. ಬೀಕನ್ ಕಬ್ಬಿಣಕ್ಕೇ ಅಂಟಿದೆ. ಯಾವ ಓಣಿ ಅಂತ ಗೊತ್ತಾದರೆ ಸಾಕು, ಲೋಡಿಂಗ್ ಬಾಗಿಲ ಹತ್ತಿರದ 8 × 6 ಮೀ ಜಾಗದಲ್ಲಿ ಮಾತ್ರ ಅರ್ಧ ಮೀಟರ್ ನಿಖರತೆ ಬೇಕು.

ರೇಡಿಯೋಮೇಷ್ಟ್ರು

ಹಾಗಿದ್ದರೆ ಸುಲಭ. ರಿಸೀವರ್‌ಗಳನ್ನು ಓಣಿಯೊಳಗೆ 2–2.5 ಮೀ ಎತ್ತರಕ್ಕೆ ಇಳಿಸಿ, ಓಣಿಗೆ ಎರಡರಂತೆ ಒಟ್ಟು 10. ಈಗ ಅವು ರ‍್ಯಾಕ್ ತಲೆಯ ಮೇಲಿಂದ ಎಲ್ಲ ಓಣಿಯನ್ನೂ ನೋಡುತ್ತಿವೆ. ಕೆಳಗಿಳಿಸಿದರೆ ಇಷ್ಟು ದಿನ ಕಾಡಿದ ಸ್ಟೀಲೇ ಓಣಿಗಳ ನಡುವೆ ಗೋಡೆಯಾಗುತ್ತದೆ. 5 ಸೆಕೆಂಡಿನ ನಡುವಣ ಬೆಲೆಯಲ್ಲಿ ಗಟ್ಟಿ ಬಂದ ರಿಸೀವರ್‌ನ ಓಣಿಯೇ ಉತ್ತರ. ಹೊಸ ಓಣಿ ಹಳೆಯದಕ್ಕಿಂತ 5 ಡಿಬಿ ಹೆಚ್ಚಿದ್ದು, ಸತತ ಮೂರು ಸಲ ಹಾಗೇ ಬಂದರೆ ಮಾತ್ರ ಬದಲಿಸಿ. ರ‍್ಯಾಕ್ ಖಾಲಿ ಇದ್ದಾಗ ಸಿಗ್ನಲ್ ಪಕ್ಕದ ಓಣಿಗೆ ಸೋರುತ್ತದೆ, ಹಾಗಾಗಿ ಪರೀಕ್ಷೆಯನ್ನು ಖಾಲಿ ರ‍್ಯಾಕ್‌ನಲ್ಲೇ ಮಾಡಿ.

ನೋಡ್_ನಂ7

ಬಾಗಿಲ ಜಾಗಕ್ಕೆ ಯುಡಬ್ಲ್ಯೂಬಿಯೇ ಸರಿ. ಡಿಡಬ್ಲ್ಯೂಎಂ1000 ಥರದ ಮಾಡ್ಯೂಲ್ ನೇರ ದೃಷ್ಟಿಯಲ್ಲಿ ಸುಮಾರು 10 ಸೆಂ.ಮೀ ನಿಖರತೆ ಕೊಡುತ್ತದೆ. ನಾಲ್ಕು ಆಂಕರ್‌ಗಳನ್ನು (ಒಂದೇ ಕಡೆ ಕೂರಿಸುವ ಯುಡಬ್ಲ್ಯೂಬಿ ಬೋರ್ಡ್) ಆ ಜಾಗದ ಹೊರಮೂಲೆಗಳಲ್ಲಿ ಇಡಿ, ಒಂದೇ ಸಾಲಿನಲ್ಲಿ ಬೇಡ. ಸಾಲಾಗಿಟ್ಟರೆ ಟ್ರಾಲಿ ಆ ಗೆರೆಯ ಯಾವ ಪಕ್ಕದಲ್ಲಿದೆ ಅಂತ ಲೆಕ್ಕಕ್ಕೆ ತಿಳಿಯುವುದಿಲ್ಲ.

ಹೋಗಿಬರುವ ಸಮಯ ಅಳೆಯುವಾಗ ಎರಡು ಸಂದೇಶದ ವಿಧಾನ ಬಿಟ್ಟು ಮೂರು ಸಂದೇಶದ್ದನ್ನು ಹಿಡಿಯಿರಿ. ಎರಡು ಬೋರ್ಡಿನ ಗಡಿಯಾರದ ಕ್ರಿಸ್ಟಲ್‌ಗಳ ನಡುವೆ 20 ಪಿಪಿಎಂ (ಹತ್ತು ಲಕ್ಷಕ್ಕೆ 20) ವ್ಯತ್ಯಾಸವಿದ್ದು ಉತ್ತರಕ್ಕೆ 1 ಮಿಲಿಸೆಕೆಂಡ್ ತಡವಾದರೆ 10 ನ್ಯಾನೊಸೆಕೆಂಡ್ ತಪ್ಪು, ಅಂದರೆ 3 ಮೀಟರ್! ಮೂರನೇ ಸಂದೇಶದಿಂದ ಅದು ಬಹುಪಾಲು ರದ್ದಾಗುತ್ತದೆ.

ಆಂಟೆನಾ ಡಿಲೇ (ಚಿಪ್ ಮತ್ತು ಆಂಟೆನಾ ನಡುವೆ ಸಿಗ್ನಲ್‌ಗೆ ಆಗುವ ತಡ) ಪ್ರತಿ ಬೋರ್ಡಿಗೂ ಬೇರೆ. ಟೇಪಿನಲ್ಲಿ ಅಳೆದ 7–8 ಮೀ ಬಯಲಲ್ಲಿ ಸಾವಿರ ರೀಡಿಂಗ್‌ನ ಸರಾಸರಿ ತೆಗೆದು, ನಿಜ ದೂರಕ್ಕೆ ಹೊಂದುವ ತನಕ ಬೆಲೆ ತಿದ್ದಿ. ರಿಜಿಸ್ಟರಿನ ಒಂದು ಎಣಿಕೆ ಅಂದರೆ ಬೆಳಕಿನ ಲೆಕ್ಕದಲ್ಲಿ 4.7 ಮಿ.ಮೀ.

ಆಳು ಅಡ್ಡ ನಿಂತರೆ ದೂರ ಯಾವಾಗಲೂ ಹೆಚ್ಚಾಗಿಯೇ ಬರುತ್ತದೆ, ಕಡಿಮೆ ಅಲ್ಲ. ಚಿಪ್ ಒಟ್ಟು ಶಕ್ತಿ, ಮೊದಲ ಹಾದಿಯ ಶಕ್ತಿ ಎರಡನ್ನೂ ಕೊಡುತ್ತದೆ. ವ್ಯತ್ಯಾಸ 6 ಡಿಬಿಗಿಂತ ಕಡಿಮೆ ಇದ್ದರೆ ನಂಬಿ, 10 ದಾಟಿದರೆ ಆ ಆಂಕರನ್ನು ಆ ಸಲ ಬಿಟ್ಟು ಉಳಿದ ಮೂರರಿಂದ ಲೆಕ್ಕ ಹಾಕಿ. ರಿಸೀವ್ ಮಾಡುವಾಗ ಚಿಪ್ 100 ಮಿಲಿಆಂಪ್‌ಗಿಂತ ಹೆಚ್ಚು ಎಳೆಯುತ್ತದೆ. ಟ್ರಾಲಿಯ ಟ್ಯಾಗ್‌ಗೆ ಆಕ್ಸೆಲೆರೊಮೀಟರ್ ಜೋಡಿಸಿ, ಅಲುಗಾಡಿದಾಗ ಮಾತ್ರ ಎಬ್ಬಿಸಿ.