ಪ್ರಶ್ನೋತ್ತರ: ಮಳೆಗಾಲದಲ್ಲಿ ಮುಚ್ಚಳದ ಗಿಫ್ಟ್ ಬಾಕ್ಸ್

ಅಡ್ಮಿನ್: ಮನೆಯ ಕಟಿಂಗ್ ಮಷೀನಿನಲ್ಲಿ ಬಾಕ್ಸ್ ಮಾಡುವವರು ಇಲ್ಲಿ ಕೇಳಿ. ಶಿವಮೊಗ್ಗದಲ್ಲಿ ಆರ್ಡರ್ ಮೇಲೆ ಬಾಕ್ಸ್ ಮಾಡಿಕೊಡುವ ಅಕ್ಕ ಉತ್ತರಿಸುತ್ತಾರೆ. ಅಳತೆ, ಪೇಪರಿನ ಜಿಎಸ್‌ಎಂ (ಒಂದು ಚದರ ಮೀಟರ್ ಪೇಪರಿನ ತೂಕ, ಗ್ರಾಂನಲ್ಲಿ) ಬರೆಯಿರಿ.

ತೀರ್ಥಹಳ್ಳಿ: ಅಕ್ಕ, ಯಾವ ಮಷೀನ್ ಒಳ್ಳೇದು?

ಅಕ್ಕ: 300 ಜಿಎಸ್‌ಎಂ ತನಕ ಕ್ರಿಕಟ್, ಕ್ಯಾಮಿಯೋ ಎರಡೂ ಆಗುತ್ತವೆ. ಮೊದಲು ಪೇಪರ್ ಯಾವುದು ಅಂತ ತೀರ್ಮಾನ ಮಾಡಿ.

ಸಾಗರ: ನಮಸ್ತೆ ಅಕ್ಕ. ತೊಡದೇವಿಗೆ (ತೆಳು ಗರಿಗರಿ ಸಿಹಿ) ಬಾಕ್ಸ್ ಮಾಡ್ತಿದ್ದೇನೆ. ತಳ 120×120 ಮಿಮೀ, ಎತ್ತರ 35, ಮುಚ್ಚಳ 121×121. ಪೇಪರ್ 300 ಜಿಎಸ್‌ಎಂ. ಬೇಸಿಗೆಯಲ್ಲಿ ಹೇಗೋ ಕೂರ್ತಿತ್ತು, ಮಳೆ ಹಿಡಿದ ಮೇಲೆ ಸಿಕ್ಕಿಕೊಳ್ತಿದೆ. ಮುಚ್ಚಳ ಕಾಲು ಸುತ್ತು ತಿರುಗಿಸಿ ಹಾಕಿದ್ರೆ ಇನ್ನೂ ಬಿಗಿ.

ಅಕ್ಕ: ತಿರುಗಿಸಿ ನೋಡಿದ್ದು ಒಳ್ಳೇದಾಯ್ತು. ಇಲ್ಲಿ ಎರಡು ತೊಂದರೆ ಸೇರಿಕೊಂಡಿವೆ.

ಒಂದು, ದಪ್ಪ. ಈ ಪೇಪರ್ ಸುಮಾರು 0.4 ಮಿಮೀ ಇರುತ್ತದೆ. ಮಡಿಕೆ ಗೆರೆಯಿಂದ ಗೆರೆಗೆ 120 ಬರೆದರೆ ತಳದ ಹೊರಗಿನ ಅಳತೆ 120.4, 121 ಬರೆದ ಮುಚ್ಚಳದ ಒಳಗಿನ ಅಳತೆ 120.6. ಅಂಟಿಸುವ ಕಿವಿಗಳನ್ನು ಮುಚ್ಚಳದ ಒಳಗೆ ಎದುರುಬದುರು ಗೋಡೆಗೆ ಹಚ್ಚಿರುತ್ತೀರಿ, ಆ ದಿಕ್ಕಿನಲ್ಲಿ ಇನ್ನೂ 0.8 ಹೋಗಿ 119.8 ಉಳಿಯಿತು. ಹಾಗಾಗಿ ಕಿವಿ ಅಂಟುವ ಗೋಡೆಗಳ ನಡುವೆ 122.5, ಇನ್ನೊಂದು ಕಡೆ 122 ಬರೆಯಿರಿ.

ಎರಡು, ಗ್ರೇನ್, ಅಂದರೆ ಕಾಗದದ ನಾರು ಓಡುವ ದಿಕ್ಕು. ಕಾಗದ ತೇವ ಕುಡಿದರೆ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ನಾರಿನ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ತಳ ಹಿಗ್ಗಿದ ದಿಕ್ಕಿಗೇ ಮುಚ್ಚಳವೂ ಹಿಗ್ಗಿದರೆ ಜಾಗ ಉಳಿಯುತ್ತದೆ, ಅಡ್ಡ ಬಿದ್ದರೆ ಹಿಡಿಯುತ್ತದೆ. ಹಾಳೆಯನ್ನು ಎರಡೂ ಕಡೆ ಬಗ್ಗಿಸಿ ನೋಡಿ, ಸುಲಭವಾಗಿ ಬಾಗಿದಾಗ ಮಡಿಕೆ ಯಾವ ಕಡೆ ಓಡುತ್ತದೋ ಅದೇ ಗ್ರೇನ್. ಮಷೀನಿನ ಅಂಟು ಮ್ಯಾಟ್ ಮೇಲೆ ತಳ, ಮುಚ್ಚಳ ಎರಡರ ಗ್ರೇನನ್ನೂ ಒಂದೇ ದಿಕ್ಕಿಗೆ ಇಡಿ. ಜಾಗ ಉಳಿಸಲಿಕ್ಕೆ ಸಾಫ್ಟ್‌ವೇರ್ ತಾನೇ ತಿರುಗಿಸಿಡುತ್ತದೆ, ಕತ್ತರಿಸುವ ಮೊದಲು ನೋಡಿಕೊಳ್ಳಿ. ತಳದ ಒಳಗೂ ಮುಚ್ಚಳದ ಒಳಗೂ ಒಂದೇ ಬದಿಗೆ ಪೆನ್ಸಿಲ್ ಚುಕ್ಕೆ ಹಾಕಿ, ಚುಕ್ಕೆಗೆ ಚುಕ್ಕೆ ಸೇರಿಸಿ ಮುಚ್ಚಿ.

ಮತ್ತೆ, ಪೇಪರ್ ಬಾಕ್ಸ್ ತೇವ ತಡೆಯುವುದಿಲ್ಲ. ತೊಡದೇವನ್ನು ಸೀಲ್ ಮಾಡಿದ ಕವರಿನಲ್ಲಿ ಹಾಕಿಯೇ ಇಡಿ, ಇಲ್ಲದಿದ್ದರೆ ಬಾಕ್ಸ್ ಚೆಂದ ಇದ್ದೂ ಒಳಗಿನದು ಮೆತ್ತಗಾಗುತ್ತದೆ.

ಹೊಸನಗರ: ಪೇಪರ್ ಕಟ್ಟನ್ನು ಎರಡು ದಿನ ಹೊಗೆ ಅಟ್ಟದಲ್ಲಿ ಇಟ್ರೆ ಎಲ್ಲ ಸರಿಯಾಗುತ್ತೆ. ಅಡಿಕೆನೇ ಒಣಗುತ್ತೆ, ಪೇಪರ್ ಒಣಗಲ್ವಾ?

ಭದ್ರಾವತಿ: ಹೊಗೆ ವಾಸನೆ ಬಾಕ್ಸಿಗೆ ಹತ್ತಲ್ವಾ ಮಾರಾಯ್ರೆ? ಇಸ್ತ್ರಿ ಮಾಡಿ ಸಾಕು. ಎಂಪಿಎಂ ಕಾಗದದ ಕಾರ್ಖಾನೆ ಇದ್ದ ಊರಿನವರು ನಾವು, ಕಾಗದ ಗೊತ್ತು.

ಹೊಸನಗರ: ಎಂಪಿಎಂದು ನ್ಯೂಸ್‌ಪ್ರಿಂಟು. ಅದಕ್ಕೂ ಕಾರ್ಡ್‌ಸ್ಟಾಕಿಗೂ ಏನು ಸಂಬಂಧ?

ಭದ್ರಾವತಿ: ಬರೆಯೋ ಕಾಗದವೂ ಬರ್ತಿತ್ತು. ತಿಳ್ಕೊಂಡು ಮಾತಾಡಿ.

ಅಕ್ಕ: ಅಟ್ಟವೂ ಬೇಡ, ಇಸ್ತ್ರಿಯೂ ಬೇಡ. ಅತಿಯಾಗಿ ಒಣಗಿದ ಪೇಪರ್ ಮಡಿಕೆಯಲ್ಲಿ ಬಿರಿಯುತ್ತದೆ. ಹೊರಗೆ ಇಟ್ಟ ಮೇಲೆ ಮತ್ತೆ ತೇವ ಎಳೆದು ಸುರುಳಿ ಸುತ್ತುತ್ತದೆ. ಗಾಳಿಯಾಡದ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಸಮತಟ್ಟಾಗಿ ಇಡಿ. ಬೇಕಾದಷ್ಟೇ ಹಾಳೆ ತೆಗೆದು ಅವತ್ತೇ ಕತ್ತರಿಸಿ ಅಂಟಿಸಿ.

ಕೊಪ್ಪ: ಕಪ್ಪು ಪೇಪರ್ ಮಡಿಸಿದಲ್ಲಿ ಬಿಳಿ ಗೆರೆ ಕಾಣ್ತಿದೆ.

ಅಕ್ಕ: ನಡುವೆ ಬಿಳಿ ಇರುವ ಪೇಪರ್ ಅದು. ಒಳಗೂ ಬಣ್ಣ ಇರುವುದನ್ನೇ ತನ್ನಿ. ಹೊರಮೈ ಮೇಲೆ ಮಾಡಿ ಸ್ಕೋರ್ (ಮಡಿಸುವ ಕಡೆ ಒತ್ತಿದ ತಗ್ಗು ಗೆರೆ) ಹಾಕಿ, ಗೆರೆಯ ತಗ್ಗು ಹೊರಗೇ ಉಳಿಯುವಂತೆ ಮಡಿಸಿ.

ಶಿಕಾರಿಪುರ: ಮ್ಯಾಟ್ ಅಂಟು ಹೋಗಿದೆ. ಥಿನ್ನರ್ ಹಾಕಿ ಒರೆಸಿ, ಬಿಸಿಲಿಗಿಡಿ ಅಂತ ಫಾರ್ವರ್ಡ್ ಬಂದಿದೆ. ಬ್ಲೇಡನ್ನು ಫಾಯಿಲಿಗೆ ಚುಚ್ಚಿದ್ರೆ ಹರಿತ ಆಗುತ್ತಂತೆ, ನಿಜವಾ?

ಅಕ್ಕ: ಥಿನ್ನರ್ ಮುಟ್ಟಿಸಬೇಡಿ, ಇರುವ ಅಂಟೂ ಕಿತ್ತು ಬರುತ್ತದೆ. ಉಗುರುಬೆಚ್ಚನೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೃದು ಬ್ರಶ್. ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಫಾಯಿಲಿಗೆ ಚುಚ್ಚಿದರೆ ಬ್ಲೇಡಿಗೆ ಸಿಕ್ಕಿದ ನಾರು ಹೋಗುತ್ತದೆ, ಹರಿತ ಬರುವುದಿಲ್ಲ. ಮೂಲೆಯಲ್ಲಿ ನಾರು ಎಳೆದು ಬರುತ್ತಿದ್ದರೆ ಬ್ಲೇಡ್ ಬದಲಾಯಿಸಿ. ಒತ್ತಡ ಏರಿಸಿದರೆ ಮ್ಯಾಟ್ ಕೊಯ್ಯುತ್ತದೆ. ಒತ್ತಡ ಕಡಿಮೆ ಇಟ್ಟು ಎರಡು ಸಲ ಓಡಿಸಿ.

ತರೀಕೆರೆ: ಗುಡಿಗಾರರ ಗಂಧದ ಕೆತ್ತನೆ ಇಡಲಿಕ್ಕೆ ತಳ ಗಟ್ಟಿ ಮಾಡೋದು ಹೇಗೆ?

ಸೊರಬ: ಅಕ್ಕ ಯಾವ ಮಷೀನ್ ತಗೊಳ್ಳಲಿ?

ಅಕ್ಕ: ಮೇಲೆ ಓದಿ.

ಹೊಸನಗರ: ಅಂಟಿಗೆ ಫೆವಿಕಾಲ್ ಧಾರಾಳ ಹಚ್ಚಬೇಕು, ಆಗಲೇ ನಿಲ್ಲೋದು.

ಭದ್ರಾವತಿ: ಅಟ್ಟದ ಮೇಲೆ ಇಟ್ಟು ಒಣಗಿಸಲಿಕ್ಕಾ?

ಹೊಸನಗರ: ನಿಮ್ಮ ಹತ್ರ ಯಾರೂ ಕೇಳಿಲ್ಲ.

ಅಕ್ಕ: ಧಾರಾಳ ಹಚ್ಚಿದರೆ ಅದರ ನೀರಿಗೇ ಗೋಡೆ ಅಲೆಅಲೆಯಾಗಿ ಏಳುತ್ತದೆ. ಕಿವಿಗೆ ತೆಳುವಾಗಿ ಬ್ರಶ್ಶಿನಲ್ಲಿ ಹಚ್ಚಿ, ಕ್ಲಿಪ್ ಹಾಕಿ. ಅವಸರದ ಆರ್ಡರಿಗೆ 6 ಮಿಮೀ ಡಬಲ್ ಟೇಪ್. ಗ್ಲೂ ಗನ್ ಮುಚ್ಚಳಕ್ಕೆ ಬೇಡ, ಗಡ್ಡೆ ಕಟ್ಟಿದರೆ ಲೆಕ್ಕ ಹಾಕಿಟ್ಟ ಜಾಗ ಅದಕ್ಕೇ ಹೋಗುತ್ತದೆ.

ತರೀಕೆರೆ: ಅಕ್ಕ, ನನ್ನ ಪ್ರಶ್ನೆ?

ಸಾಗರ: ಅಕ್ಕ, 122.5 ಇಟ್ಟು ಒಂದು ಮಾಡಿದೆ, ಸಲೀಸಾಗಿ ಕೂತಿತು. ಸಾಫ್ಟ್‌ವೇರ್ ಮುಚ್ಚಳ ತಿರುಗಿಸಿಟ್ಟಿದ್ದೂ ನಿಜ. 200 ಬಾಕ್ಸ್ ಈಗಲೇ ಕತ್ತರಿಸಲಾ?

ಅಕ್ಕ: ಬೇಡ. ಆ ಒಂದನ್ನು ರಾತ್ರಿ ಜಗಲಿಯಲ್ಲಿ ತೆರೆದಿಟ್ಟು ಬೆಳಿಗ್ಗೆ ಮುಚ್ಚಿ ನೋಡಿ. ಹಿಡಿದರೆ ಎರಡೂ ಕಡೆ ಅರ್ಧ ಮಿಮೀ ಸೇರಿಸಿ, ಆಮೇಲೆ ಕತ್ತರಿಸಿ.