ಎನಮ್ ಕೀ ಇರುವ ಮ್ಯಾಪ್: ಹ್ಯಾಶ್‌ಮ್ಯಾಪ್ ಬಿಟ್ಟು ಎನಮ್‌ಮ್ಯಾಪ್‌ಗೆ ಬರುವಾಗ ಏನೇನು ನೋಡಿಕೊಳ್ಳಬೇಕು?

ನಲ್‌ಪಾಯಿಂಟರ್ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಜಾವಾ 17, ಆರ್ಡರ್‌ಗಳನ್ನು ನಿಭಾಯಿಸುವ ಸರ್ವಿಸ್. ‘ಸ್ಥಿತಿ’ ಅನ್ನುವ ಎನಮ್‌ನಲ್ಲಿ (ಅಂದರೆ ಮೊದಲೇ ನಿಗದಿಯಾದ ಹೆಸರುಗಳ ಟೈಪ್) ಆರು ಕಾನ್‌ಸ್ಟಂಟ್ ಇವೆ: ಸ್ವೀಕೃತ, ಪಾವತಿ, ಪ್ಯಾಕಿಂಗ್, ರವಾನೆ, ತಲುಪಿದೆ, ರದ್ದು. ಮೊದಲು ಸ್ಥಿತಿ ಬರೀ ಸ್ಟ್ರಿಂಗ್ ಆಗಿತ್ತು, ಕೀ ಕೊಟ್ಟರೆ ಅದರ ವ್ಯಾಲ್ಯೂ ಕೊಡುವ ಹ್ಯಾಶ್‌ಮ್ಯಾಪ್‌ನಲ್ಲಿ ಅದೇ ಕೀ. ಈಗ ಸ್ಟ್ರಿಂಗ್ ಜಾಗಕ್ಕೆ ಎನಮ್ ಬಂದಿದೆ, ಮ್ಯಾಪ್ ಮಾತ್ರ ಹಳೆಯದೇ. ಅಲ್ಲಿಂದ ಶುರುವಾದ ತೊಂದರೆಗಳು ಇವು.

ರಿಪೋರ್ಟ್‌ನಲ್ಲಿ ಸಾಲುಗಳ ಕ್ರಮ ಒಂದು ರನ್‌ನಲ್ಲಿ ಒಂದು ಥರ, ಇನ್ನೊಂದು ರನ್‌ನಲ್ಲಿ ಇನ್ನೊಂದು ಥರ ಬರುತ್ತಿದೆ. ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್. ಸ್ಟ್ರಿಂಗ್ ಕೀ ಇದ್ದಾಗ ಹೀಗಾಗುತ್ತಿರಲಿಲ್ಲ.

ಎನಮ್‌ಮ್ಯಾಪ್ ಬಳಸಿ ಅಂತ ರಿವ್ಯೂನಲ್ಲಿ ಬಂತು. ಹಳೇ ಮ್ಯಾಪನ್ನು ಅದರ ಕನ್‌ಸ್ಟ್ರಕ್ಟರ್‌ಗೆ ಕೊಟ್ಟರೆ ಬಹುತೇಕ ಸಲ ಸರಿ, ಕೆಲವು ಆರ್ಡರ್‌ಗಳಿಗೆ ಮಾತ್ರ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್.

ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗಬಹುದು ಅನ್ನುವ ಪಟ್ಟಿಯನ್ನು ಎನಮ್‌ಸೆಟ್ (ಒಂದೇ ಎನಮ್‌ನ ಕಾನ್‌ಸ್ಟಂಟ್‌ಗಳನ್ನಷ್ಟೇ ಇಡುವ ಗುಂಪು) ಮಾಡಿ ಎನಮ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ಕೊಡಲು ಹೋದರೆ ಸರ್ವಿಸ್ ಏಳುವುದೇ ಇಲ್ಲ. ಲಾಗ್‌ನಲ್ಲಿ ‘ನೋ ಕ್ಲಾಸ್ ಡೆಫ್ ಫೌಂಡ್’ ಅಂತಿದೆ, ಆದರೆ ಕ್ಲಾಸ್ ಜಾರ್‌ನಲ್ಲಿ ಇದ್ದೇ ಇದೆ.

ಹಳೇಜೆವಿಎಂ:

ಕ್ರಮದ ವಿಷಯ ಮೊದಲು. ಸ್ಟ್ರಿಂಗ್‌ನ ಹ್ಯಾಶ್‌ಕೋಡ್ (ಕೀಯನ್ನು ಯಾವ ಬಕೆಟ್‌ನಲ್ಲಿ, ಅಂದರೆ ಯಾವ ಖಾನೆಯಲ್ಲಿ, ಇಡಬೇಕು ಅಂತ ಹ್ಯಾಶ್‌ಮ್ಯಾಪ್ ನೋಡುವ ಸಂಖ್ಯೆ) ಅದರ ಅಕ್ಷರಗಳಿಂದ ಹುಟ್ಟುತ್ತದೆ, ಹಾಗಾಗಿ ಯಾವ ಮೆಷಿನ್‌ನಲ್ಲಿ ಓಡಿಸಿದರೂ ಅದೇ ಸಂಖ್ಯೆ. ಎನಮ್‌ಗೆ ಹಾಗಿಲ್ಲ. ಅದರ ಹ್ಯಾಶ್‌ಕೋಡ್ ಮೆಥಡ್ ಫೈನಲ್, ನೀವು ಬದಲಿಸುವಂತಿಲ್ಲ. ಬರುವುದು ಆಬ್ಜೆಕ್ಟ್‌ನ ಐಡೆಂಟಿಟಿ ಹ್ಯಾಶ್. ಅದು ಪ್ರತಿ ರನ್‌ಗೂ ಬೇರೆಯಾಗಬಹುದು, ಅದರ ಜೊತೆ ಹ್ಯಾಶ್‌ಮ್ಯಾಪ್‌ನ ಬಕೆಟ್‌ಗಳೂ ಬದಲಾಗುತ್ತವೆ. ಸ್ಟ್ರಿಂಗ್ ಕಾಲದಲ್ಲಿ ಕ್ರಮ ಸ್ಥಿರವಾಗಿದ್ದದ್ದು ಹ್ಯಾಶ್‌ಮ್ಯಾಪ್ ಕೊಟ್ಟ ಭರವಸೆಯಿಂದಲ್ಲ, ಕಾಕತಾಳೀಯ.

ಎನಮ್‌ಮ್ಯಾಪ್ ಒಳಗೆ ಹ್ಯಾಶಿಂಗೇ ಇಲ್ಲ. ಎನಮ್‌ನಲ್ಲಿ ಎಷ್ಟು ಕಾನ್‌ಸ್ಟಂಟ್ ಇವೆಯೋ ಅಷ್ಟು ಉದ್ದದ ಒಂದು ಅರೇ, ಪ್ರತಿ ಕಾನ್‌ಸ್ಟಂಟ್‌ನ ಆರ್ಡಿನಲ್ಲೇ, ಅಂದರೆ ಎನಮ್‌ನಲ್ಲಿ ಅದು ಎಷ್ಟನೆಯದು ಅನ್ನುವ ಸಂಖ್ಯೆಯೇ, ಇಂಡೆಕ್ಸ್. ಗೆಟ್, ಪುಟ್ ಎರಡೂ ಒಂದು ಟೈಪ್ ತಪಾಸಣೆ ಮತ್ತು ಒಂದು ಅರೇ ಓದು ಅಥವಾ ಬರಹ, ಅಷ್ಟೇ. ಸುತ್ತು ಹಾಕಿದರೆ ಎನಮ್‌ನಲ್ಲಿ ಬರೆದ ಕ್ರಮದಲ್ಲೇ ಬರುತ್ತದೆ, ಪುಟ್ ಮಾಡಿದ ಕ್ರಮದಲ್ಲಲ್ಲ. ನಿಮ್ಮ ರಿಪೋರ್ಟ್‌ಗೆ ಬೇಕಿರುವುದು ಇದೇ ಅಂದುಕೊಳ್ಳುತ್ತೇನೆ.

ಎರಡನೆಯದಕ್ಕೆ ಕಾರಣ ಖಾಲಿ ಮ್ಯಾಪ್. ಜೆನೆರಿಕ್ ಟೈಪ್ ರನ್‌ಟೈಮ್‌ನಲ್ಲಿ ಅಳಿಸಿಹೋಗಿರುತ್ತದೆ, ಆದರೆ ಅರೇ ಎಷ್ಟುದ್ದ ಬೇಕು ಅಂತ ತಿಳಿಯಲು ಎನಮ್‌ಮ್ಯಾಪ್‌ಗೆ ಕೀ ಯಾವ ಎನಮ್ ಅನ್ನುವುದು ಗೊತ್ತಾಗಲೇಬೇಕು. ಬೇರೆ ಮ್ಯಾಪ್ ಕೊಟ್ಟಾಗ ಅದರ ಮೊದಲ ಕೀ ನೋಡಿ ಟೈಪ್ ಕಂಡುಕೊಳ್ಳುತ್ತದೆ. ಒಂದೂ ಕೀ ಇಲ್ಲದಿದ್ದರೆ, ಜೊತೆಗೆ ಕೊಟ್ಟದ್ದು ಎನಮ್‌ಮ್ಯಾಪ್ ಅಲ್ಲದಿದ್ದರೆ, ಆ ಎಕ್ಸೆಪ್ಶನ್. ಆದ್ದರಿಂದ ಯಾವಾಗಲೂ ‘ಸ್ಥಿತಿ.ಕ್ಲಾಸ್’ ಕೊಟ್ಟು ಖಾಲಿ ಎನಮ್‌ಮ್ಯಾಪ್ ಮಾಡಿ, ಆಮೇಲೆ ಪುಟ್‌ಆಲ್ ಮಾಡಿ. ಒಂದು ಸಾಲು ಹೆಚ್ಚು, ತಲೆನೋವು ಇಲ್ಲ.

ಕ್ಲಾಸನ್ನು ಕಾನ್‌ಸ್ಟಂಟ್‌ನಿಂದ ತೆಗೆಯುವುದಾದರೆ ಗೆಟ್‌ಕ್ಲಾಸ್ ಬೇಡ, ಗೆಟ್‌ಡಿಕ್ಲೇರಿಂಗ್‌ಕ್ಲಾಸ್ ಬಳಸಿ. ತನ್ನದೇ ಬಾಡಿ ಇರುವ ಕಾನ್‌ಸ್ಟಂಟ್ ಒಳಗೊಳಗೇ ಬೇರೊಂದು ಅನಾಮಿಕ ಸಬ್‌ಕ್ಲಾಸ್. ಅದನ್ನು ಕೊಟ್ಟರೆ ಎನಮ್‌ಮ್ಯಾಪ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ನಲ್‌ಪಾಯಿಂಟರ್ ಎಕ್ಸೆಪ್ಶನ್. ನಿಮ್ಮ ಹೆಸರಿಗೆ ತಕ್ಕಂತೆ.

ಸ್ಟ್ರಿಂಗ್‌ನಿಂದ ಬಂದವರಿಗೆ ಇನ್ನೊಂದು ಬಲೆ ಇದೆ. ಗೆಟ್ ಮೆಥಡ್ ಯಾವ ಆಬ್ಜೆಕ್ಟನ್ನಾದರೂ ತೆಗೆದುಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಹಳೇ ಸ್ಟ್ರಿಂಗನ್ನೇ ಗೆಟ್‌ಗೆ ಕೊಡುವ ಸಾಲು ಉಳಿದಿದ್ದರೆ ಕಂಪೈಲರ್ ಬಾಯಿ ಬಿಡುವುದಿಲ್ಲ, ಸುಮ್ಮನೆ ನಲ್ ಬರುತ್ತದೆ. ಗೆಟ್, ಕಂಟೇನ್ಸ್‌ಕೀ, ರಿಮೂವ್ ಈ ಮೂರೂ ಹೀಗೇ, ಮೂರನ್ನೂ ಹುಡುಕಿ ನೋಡಿ.

ಅರ್ಧವಿರಾಮ:

ಮೂರನೆಯದರಲ್ಲಿ ನಿಜವಾದ ತಪ್ಪು ಆ ಲಾಗ್ ಸಾಲಿನಲ್ಲಿಲ್ಲ, ಅದಕ್ಕಿಂತ ಮೇಲೆ ಇದೆ. ಕ್ಲಾಸ್ ಮೊದಲ ಸಲ ಇನಿಷಿಯಲೈಸ್ ಆಗುವಾಗ ಬಿದ್ದರೆ ‘ಎಕ್ಸೆಪ್ಶನ್ ಇನ್ ಇನಿಷಿಯಲೈಸರ್’ ಅನ್ನುವ ಎರರ್ ಒಂದೇ ಒಂದು ಸಲ ಬರುತ್ತದೆ. ಆಮೇಲೆ ಯಾರು ಆ ಕ್ಲಾಸ್ ಮುಟ್ಟಿದರೂ ‘ನೋ ಕ್ಲಾಸ್ ಡೆಫ್ ಫೌಂಡ್’. ಲಾಗ್‌ನಲ್ಲಿ ಮೇಲಕ್ಕೆ ಹೋಗಿ ಮೊದಲನೆಯದನ್ನು ಹಿಡಿಯಿರಿ, ಅದರ ‘ಕಾಸ್ಡ್ ಬೈ’ ಸಾಲಿನಲ್ಲಿ ಎರಡರಲ್ಲೊಂದು ಇರುತ್ತದೆ.

ನಲ್‌ಪಾಯಿಂಟರ್ ಇದ್ದರೆ: ‘ಸ್ವೀಕೃತ’ದ ಆರ್ಗ್ಯುಮೆಂಟ್‌ನಲ್ಲಿ ಅದರ ಕೆಳಗೆ ಬರುವ ‘ಪಾವತಿ’ಯನ್ನು ಹೆಸರಿಸಿದ್ದೀರಿ. ಬರೀ ‘ಪಾವತಿ’ ಅಂತ ಬರೆದರೆ ಇಲ್ಲೀಗಲ್ ಫಾರ್ವರ್ಡ್ ರೆಫರೆನ್ಸ್ ಅಂತ ಕಂಪೈಲರೇ ತಡೆಯುತ್ತದೆ. ಆ ಎರರ್ ಹೋಗಲಿ ಅಂತ ‘ಸ್ಥಿತಿ.ಪಾವತಿ’ ಅಂತ ಬರೆದರೆ ಕಂಪೈಲ್ ಆಗಿಬಿಡುತ್ತದೆ, ಆದರೆ ಆ ಹೊತ್ತಿಗೆ ಪಾವತಿ ಇನ್ನೂ ಹುಟ್ಟಿಲ್ಲ, ಸಿಗುವುದು ನಲ್.

ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್, ಜೊತೆಗೆ ‘ನಾಟ್ ಆನ್ ಎನಮ್’ ಅಂತ ಇದ್ದರೆ: ಈಗಾಗಲೇ ಹುಟ್ಟಿದ ಕಾನ್‌ಸ್ಟಂಟನ್ನೇ ಕೊಟ್ಟಿದ್ದೀರಿ, ಆದರೆ ಎನಮ್‌ಸೆಟ್‌ಗೆ ಪೂರ್ತಿ ಪಟ್ಟಿ ಬೇಕು. ಆ ಪಟ್ಟಿ ತಯಾರಾಗುವುದು ಕೊನೆಯ ಕಾನ್‌ಸ್ಟಂಟ್ ಆದ ಮೇಲೆ. ಅಲ್ಲಿಯವರೆಗೆ ಎನಮ್‌ಸೆಟ್‌ನ ಕಣ್ಣಿಗೆ ನಿಮ್ಮ ಎನಮ್ ಎನಮ್ಮೇ ಅಲ್ಲ.

ಪರಿಹಾರ: ಕನ್‌ಸ್ಟ್ರಕ್ಟರ್ ಬಿಡಿ. ಎಲ್ಲ ಕಾನ್‌ಸ್ಟಂಟ್ ಮುಗಿದು ಸೆಮಿಕೋಲನ್ ಬಿದ್ದ ಮೇಲೆ, ಅದೇ ಎನಮ್ ಒಳಗೆ ‘ಮುಂದಿನವು’ ಅನ್ನುವ ಪ್ರೈವೇಟ್ ಸ್ಟ್ಯಾಟಿಕ್ ಫೈನಲ್ ಎನಮ್‌ಮ್ಯಾಪ್ ಇಡಿ. ಕೀ ಸ್ಥಿತಿ, ವ್ಯಾಲ್ಯೂ ಎನಮ್‌ಸೆಟ್. ಸ್ಟ್ಯಾಟಿಕ್ ಬ್ಲಾಕ್‌ನಲ್ಲಿ ತುಂಬಿ: ಸ್ವೀಕೃತದಿಂದ ಪಾವತಿ ಅಥವಾ ರದ್ದು, ಪಾವತಿಯಿಂದ ಪ್ಯಾಕಿಂಗ್ ಅಥವಾ ರದ್ದು, ಪ್ಯಾಕಿಂಗ್‌ನಿಂದ ರವಾನೆ, ರವಾನೆಯಿಂದ ತಲುಪಿದೆ. ತಲುಪಿದೆ, ರದ್ದು ಎರಡಕ್ಕೂ ಖಾಲಿ ಸೆಟ್, ಅಂದರೆ ಎನಮ್‌ಸೆಟ್‌ನ ನನ್‌ಆಫ್. ಖಾಲಿ ಅಂತ ಸಾಲನ್ನೇ ಬಿಟ್ಟರೆ ಗೆಟ್ ನಲ್ ಕೊಡುತ್ತದೆ, ‘ಹೋಗಬಹುದೇ’ ಅನ್ನುವ ಮೆಥಡ್ ಅಲ್ಲೇ ಮುಗ್ಗರಿಸುತ್ತದೆ. 64 ಅಥವಾ ಅದಕ್ಕಿಂತ ಕಡಿಮೆ ಕಾನ್‌ಸ್ಟಂಟ್ ಇರುವವರೆಗೂ ಎನಮ್‌ಸೆಟ್ ಇಡೀ ಗುಂಪನ್ನು ಒಂದೇ ಲಾಂಗ್‌ನ ಬಿಟ್‌ಗಳಲ್ಲಿ ಇಡುತ್ತದೆ, ಆದ್ದರಿಂದ ಈ ತಪಾಸಣೆಗೆ ಖರ್ಚು ಇಲ್ಲವೆಂದೇ ಲೆಕ್ಕ.

ಬ್ಲಾಕ್‌ನ ಕೊನೆಗೆ ಇನ್ನೊಂದು ತಪಾಸಣೆ ಹಾಕಿ: ಮ್ಯಾಪ್‌ನ ಸೈಜ್ ಮತ್ತು ವ್ಯಾಲ್ಯೂಸ್ ಅರೇಯ ಉದ್ದ ಒಂದೇ ಇಲ್ಲದಿದ್ದರೆ ಎಕ್ಸೆಪ್ಶನ್ ಎಸೆಯಿರಿ. ನಾಳೆ ಯಾರೋ ‘ವಾಪಸಾತಿ’ ಸೇರಿಸಿ ಪಟ್ಟಿಗೆ ಹಾಕಲು ಮರೆತರೆ ಸರ್ವಿಸ್ ಏಳುವಾಗಲೇ ಗೊತ್ತಾಗಬೇಕು, ಗ್ರಾಹಕ ವಾಪಸು ಕಳಿಸಿದ ದಿನ ಅಲ್ಲ.

ಬಿಲ್ಡ್‌ಫೇಲ್:

ಅರ್ಧವಿರಾಮ ಹೇಳಿದ್ದು ಸರಿ, ಆದರೆ ಮ್ಯಾಪೇ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಪ್ರತಿ ಕಾನ್‌ಸ್ಟಂಟ್‌ಗೂ ಯಾವತ್ತೂ ಬದಲಾಗದ ಒಂದು ಮೌಲ್ಯ, ಉದಾಹರಣೆಗೆ ತೆರೆಯ ಮೇಲೆ ತೋರಿಸುವ ಹೆಸರು, ಇದ್ದರೆ ಅದು ಎನಮ್‌ನ ಫೀಲ್ಡ್ ಆಗಿರಲಿ. ಕನ್‌ಸ್ಟ್ರಕ್ಟರ್ ಕೇಳುತ್ತದೆ, ಮರೆಯಲು ಸಾಧ್ಯವೇ ಇಲ್ಲ. ಸ್ಥಿತಿಗೊಂದು ಲೆಕ್ಕಾಚಾರ ಇದ್ದರೆ ಜಾವಾ 14ರಿಂದ ಇರುವ ಸ್ವಿಚ್ ಎಕ್ಸ್‌ಪ್ರೆಶನ್ ಬಳಸಿ, ಡಿಫಾಲ್ಟ್ ಹಾಕಬೇಡಿ. ಹೊಸ ಕಾನ್‌ಸ್ಟಂಟ್ ಬಂದಾಗ ಕಂಪೈಲೇ ಆಗುವುದಿಲ್ಲ. ಡಿಫಾಲ್ಟ್ ಹಾಕಿದಿರೋ, ಆ ಕಾವಲು ಹೋಯಿತು. ಮ್ಯಾಪ್ ಬೇಕಾಗುವುದು ಮೌಲ್ಯ ಹೊರಗಿನಿಂದ ಬಂದಾಗ, ರನ್‌ಟೈಮ್‌ನಲ್ಲಿ ಬದಲಾದಾಗ, ಅಥವಾ ಕಾನ್‌ಸ್ಟಂಟ್‌ಗಳು ಒಂದನ್ನೊಂದು ಹೆಸರಿಸಬೇಕಾದಾಗ. ನಿಮ್ಮ ಪಟ್ಟಿ ಮೂರನೇ ಜಾತಿಯದು, ಹಾಗಾಗಿ ಅಲ್ಲಿ ಮ್ಯಾಪ್ ಸರಿ.

ನಲ್‌ಪಾಯಿಂಟರ್:

ಎಲ್ಲರಿಗೂ ಧನ್ಯವಾದ. ‘ಸ್ಥಿತಿ.ಪಾವತಿ’ ಅಂತಲೇ ಇತ್ತು, ಸ್ಟ್ಯಾಟಿಕ್ ಬ್ಲಾಕ್‌ಗೆ ಹಾಕಿದ ಮೇಲೆ ಸರ್ವಿಸ್ ಎದ್ದಿತು. ಇನ್ನೆರಡು ಕೇಳಬೇಕು. ಪ್ರತಿ ಸ್ಥಿತಿಗೆ ಎಷ್ಟು ಆರ್ಡರ್ ಬಂತು ಅಂತ ಹಲವು ಥ್ರೆಡ್‌ಗಳು ಎಣಿಸುತ್ತವೆ, ಅಲ್ಲಿ ಎನಮ್‌ಮ್ಯಾಪ್ ನಡೆಯುತ್ತದಾ? ಮತ್ತೆ ಪ್ರತಿ ಆರ್ಡರ್‌ನಲ್ಲೂ ಸ್ಥಿತಿ ಬದಲಾದ ಸಮಯದ ಮ್ಯಾಪ್ ಇದೆ, ಲಕ್ಷಗಟ್ಟಲೆ ಆರ್ಡರ್ ಮೆಮೊರಿಯಲ್ಲಿ ಇರುತ್ತವೆ. ಜಾಗ ಉಳಿಯುತ್ತದಾ?

ಹಳೇಜೆವಿಎಂ:

ಎಣಿಕೆಗೆ: ಎನಮ್‌ಮ್ಯಾಪ್‌ಗೆ ಸಿಂಕ್ರೊನೈಸೇಶನ್ ಇಲ್ಲ. ಇಂಟಿಜರ್ ತೆಗೆದು, ಒಂದು ಕೂಡಿಸಿ, ಮತ್ತೆ ಪುಟ್ ಮಾಡಿದರೆ ಎಣಿಕೆ ಕಳೆದುಹೋಗುತ್ತದೆ. ಅದರ ಇಟರೇಟರ್ ಕಾನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಎಸೆಯುವುದೇ ಇಲ್ಲ, ಆದ್ದರಿಂದ ಹ್ಯಾಶ್‌ಮ್ಯಾಪ್‌ನಲ್ಲಿ ಕೆಲವೊಮ್ಮೆಯಾದರೂ ಸಿಗುವ ಎಚ್ಚರಿಕೆ ಇಲ್ಲಿ ಸಿಗದು. ದಾರಿ ಸುಲಭ: ಕನ್‌ಸ್ಟ್ರಕ್ಟರ್‌ನಲ್ಲೇ ಆರೂ ಸ್ಥಿತಿಗೆ ಒಂದೊಂದು ಲಾಂಗ್‌ಆಡರ್ (ಹಲವು ಥ್ರೆಡ್‌ಗಳು ಒಟ್ಟಿಗೆ ಕೂಡಿಸಬಹುದಾದ ಎಣಿಕೆ ಆಬ್ಜೆಕ್ಟ್) ತುಂಬಿ, ಮ್ಯಾಪನ್ನು ಫೈನಲ್ ಫೀಲ್ಡ್‌ನಲ್ಲಿ ಇಡಿ, ಆಮೇಲೆ ಪುಟ್ ಮುಟ್ಟಲೇಬೇಡಿ. ಥ್ರೆಡ್‌ಗಳು ಬರೀ ಗೆಟ್ ಮಾಡಿ ಇನ್‌ಕ್ರಿಮೆಂಟ್ ಕರೆಯುತ್ತವೆ. ಲಾಕ್ ಬೇಕಿಲ್ಲ. ಓಡುತ್ತಿರುವಾಗ ಕೀ ಸೇರುವುದು, ಹೋಗುವುದು ಇದ್ದರೆ ಮಾತ್ರ ಕಾನ್‌ಕರೆಂಟ್ ಹ್ಯಾಶ್‌ಮ್ಯಾಪ್.

ಜಾಗದ ಲೆಕ್ಕ, 64 ಬಿಟ್ ಹಾಟ್‌ಸ್ಪಾಟ್‌ನಲ್ಲಿ ಪಾಯಿಂಟರ್‌ಗಳು ಕಂಪ್ರೆಸ್ ಆಗಿದ್ದಾಗ: ಎನಮ್‌ಮ್ಯಾಪ್ ಆಬ್ಜೆಕ್ಟ್ 40 ಬೈಟ್, ಆರು ಜಾಗದ ಅರೇ 16 ಮತ್ತು 24 ಸೇರಿ 40, ಒಟ್ಟು 80. ಅದೇ ಆರು ಎಂಟ್ರಿಯ ಹ್ಯಾಶ್‌ಮ್ಯಾಪ್‌ನಲ್ಲಿ ಆಬ್ಜೆಕ್ಟ್ 48, 16 ಬಕೆಟ್‌ನ ಟೇಬಲ್ 80, ನೋಡ್‌ಗೆ 32ರಂತೆ 192, ಒಟ್ಟು 320. ವ್ಯಾಲ್ಯೂಗಳು ಎರಡರಲ್ಲೂ ಹೊರಗೆ. ಹಾಗಂತ ಎಲ್ಲ ಕಡೆ ಗೆಲ್ಲುವುದಿಲ್ಲ: 300 ಎರರ್ ಕೋಡ್ ಇರುವ ಎನಮ್, ಪ್ರತಿ ಆಬ್ಜೆಕ್ಟ್‌ನಲ್ಲಿ ಎರಡೇ ಎಂಟ್ರಿ ಅಂದರೆ ಅರೇಯೇ 1216 ಬೈಟ್, ಹ್ಯಾಶ್‌ಮ್ಯಾಪ್ 192ರಲ್ಲಿ ಮುಗಿಸುತ್ತದೆ.

ಅರ್ಧವಿರಾಮ:

ಎನಮ್‌ಮ್ಯಾಪ್‌ಗೆ ಬಂದ ಮೇಲೂ ರಿಪೋರ್ಟ್‌ನ ಕ್ರಮ ಕುಣಿದರೆ ಎರಡು ಜಾಗ ನೋಡಿ. ಸ್ಟ್ರೀಮ್‌ನ ಗ್ರೂಪಿಂಗ್‌ಬೈ ತಾನಾಗಿ ಕೊಡುವುದು ಹ್ಯಾಶ್‌ಮ್ಯಾಪ್. ಮೂರು ಆರ್ಗ್ಯುಮೆಂಟ್‌ನ ರೂಪ ಬಳಸಿ, ನಡುವಿನದರಲ್ಲಿ ಹೊಸ ಎನಮ್‌ಮ್ಯಾಪ್ ಕೊಡುವ ಲ್ಯಾಂಬ್ಡಾ ಹಾಕಿ. ಟುಮ್ಯಾಪ್ ಆದರೆ ನಾಲ್ಕು ಆರ್ಗ್ಯುಮೆಂಟ್‌ನದು. ಇನ್ನೊಂದು, ಹೊರಗೆ ಕೊಡುವಾಗ ಯಾರೂ ಬದಲಿಸದಿರಲಿ ಅಂತ ಮ್ಯಾಪ್.ಕಾಪಿಆಫ್ ಮಾಡುವುದು. ಜಾವಾ 10ರಲ್ಲಿ ಬಂದ ಅದು ಕ್ರಮ ಕಾಪಾಡುವುದಿಲ್ಲ, ರನ್‌ನಿಂದ ರನ್‌ಗೆ ಬೇಕೆಂದೇ ಬದಲಿಸುತ್ತದೆ. ಬದಲಿಗೆ ಎನಮ್‌ಮ್ಯಾಪ್‌ನ ಒಂದು ಪ್ರತಿ ತೆಗೆದು ಕಲೆಕ್ಷನ್ಸ್‌ನ ಅನ್‌ಮಾಡಿಫೈಯಬಲ್‌ಮ್ಯಾಪ್‌ನಲ್ಲಿ ಸುತ್ತಿ ಕೊಡಿ.

ಬಿಲ್ಡ್‌ಫೇಲ್:

ಒಳಗೆ ಆರ್ಡಿನಲ್ ಇದೆ ಅಂತ ಡೇಟಾಬೇಸ್‌ನಲ್ಲೂ ಅದನ್ನೇ ಬರೆಯಬೇಡಿ. ಎನಮ್‌ಮ್ಯಾಪ್‌ನ ಅರೇ ಪ್ರತಿ ರನ್‌ಗೂ ಹೊಸದಾಗಿ ಹುಟ್ಟುತ್ತದೆ, ಟೇಬಲ್‌ನಲ್ಲಿರುವ ಸಾಲುಗಳು ಹಾಗಲ್ಲ. ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ಗೆ ಬರೆಯುವ ಜೆಪಿಎಯಲ್ಲಿ ಏನೂ ಹೇಳದಿದ್ದರೆ ಆರ್ಡಿನಲ್ಲೇ ಹೋಗುತ್ತದೆ, ಸ್ಟ್ರಿಂಗ್ ಅಂತ ಬರೆದುಕೊಡಬೇಕು. ಇಲ್ಲದಿದ್ದರೆ ಪಟ್ಟಿಯ ನಡುವೆ ‘ವಾಪಸಾತಿ’ ಸೇರಿಸಿದ ದಿನ ಅದರ ಕೆಳಗಿನ ಎಲ್ಲ ಹಳೇ ಆರ್ಡರ್‌ಗಳ ಸ್ಥಿತಿ ಒಂದೊಂದು ಮನೆ ಜರುಗುತ್ತದೆ, ಯಾವ ಎಕ್ಸೆಪ್ಶನ್ನೂ ಇಲ್ಲದೆ.